ಚೆಂಡಿನ ಕೂಲಿ, ಕೋವಿಯ ಹುದ್ದೆ

“ಬರೀ ಆಟ ಆಡ್ಕಂಡಿದ್ರ ಹೊಟ್ಟ ತುಂಬುದಾ ಕೂಸು?” ಚಾಮರಾಜನಗರ, ಗುಂಡ್ಲುಪೇಟೆಗಳ ನಡುವಿನ ಹರವೆ ಸೀಮೆಯಲ್ಲಿ ಕತ್ತಲಾದ ಮೇಲೆ ಮೈದಾನದಿಂದ ಮನೆಗೆ ಬರುವ ಹುಡುಗರು ಇಂಥ ಮಾತು ಕೇಳಿಸಿಕೊಂಡೇ ಬೆಳೆಯುತ್ತಾರೆ. ಕೇಳುವವರದೂ ತಪ್ಪಲ್ಲ. ಅರಿಸಿನಕ್ಕೆ ಈ ವರ್ಷ ಬೆಲೆ ಇದ್ದೀತೋ, ಬಾಳೆಗೆ ಇದ್ದೀತೋ ಎಂದು ಲೆಕ್ಕ ಹಾಕುವ ಮನೆಗಳಲ್ಲಿ ಆಟಕ್ಕೆ ಮರ್ಯಾದೆ ಸಿಗುವುದು ಅದು ಪೊಲೀಸ್, ರೈಲ್ವೆ ಅಥವಾ ಸೇನೆಯ ಕ್ರೀಡಾ ಕೋಟಾದಲ್ಲಿ ಒಂದು ನೌಕರಿಯಾಗಿ ಕೈಗೆ ಬಂದಾಗಲೇ. ಆಟ, ಸಂಬಳ, ಸಮವಸ್ತ್ರ, ಈ ಮೂರಕ್ಕೂ ನಮ್ಮಲ್ಲಿ ಅಷ್ಟು ಹತ್ತಿರದ ನಂಟು.

ಇದೇ ನಂಟಿನಲ್ಲಿ ಬದುಕು ಸವೆಸಿದ ಒಬ್ಬ ಆಟಗಾರ ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿದ್ದರು. ಹೆಸರು ವಾಲ್ಟರ್ ಟಲ್. ಬ್ರಿಟನ್ನಿನ ಮೊದಲ ತಲೆಮಾರಿನ ಕಪ್ಪು ವೃತ್ತಿಪರ ಫುಟ್‌ಬಾಲ್ ಆಟಗಾರರಲ್ಲಿ ಒಬ್ಬರು. ಮೊದಲ ಮಹಾಯುದ್ಧದಲ್ಲಿ ಬಿಳಿಯ ಸೈನಿಕರನ್ನು ಮುನ್ನಡೆಸಿದ ಕಪ್ಪು ಅಧಿಕಾರಿ. ಅವರ ಸಾಧನೆಯನ್ನು ಕೊಂಡಾಡುವ ಬರಹಗಳು ಬೇಕಾದಷ್ಟಿವೆ. ನಮಗೆ ಮುಖ್ಯವಾಗಬೇಕಾದ್ದು ಇನ್ನೊಂದು ಸಂಗತಿ. ಅವರನ್ನು ಅಧಿಕಾರಿಯಾಗದಂತೆ ತಡೆಯುವ ನಿಯಮವೊಂದು ಪುಸ್ತಕದಲ್ಲಿ ಇದ್ದೇ ಇತ್ತು. ಅದನ್ನು ಯಾರೂ ಹೊಡೆದುಹಾಕಲಿಲ್ಲ. ಬೇಕಾದಾಗ ಬಗ್ಗಿಸಿದರು, ಬೇಡವಾದಾಗ ಮತ್ತೆ ನೆಟ್ಟಗೆ ನಿಲ್ಲಿಸಿದರು.

ಅನಾಥಾಲಯದ ಹುಡುಗ

ವಾಲ್ಟರ್ ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದ ಕಡಲಪಟ್ಟಣ ಫೋಕ್‌ಸ್ಟನ್‌ನಲ್ಲಿ. ತಂದೆ ಡೇನಿಯಲ್ ಟಲ್ ಬಾರ್ಬಡೋಸ್ ದ್ವೀಪದಿಂದ ಬಂದ ಬಡಗಿ. ಆ ದ್ವೀಪದ ಕಬ್ಬಿನ ತೋಟಗಳಲ್ಲಿ ದುಡಿದ ಗುಲಾಮರ ವಂಶ ಅವರದು. ತಾಯಿ ಆಲಿಸ್ ಪಾಮರ್ ಕೆಂಟ್‌ನವರೇ ಆದ ಬಿಳಿ ಹೆಂಗಸು. 1895ರಲ್ಲಿ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ತಂದೆ ಆಕೆಯ ಸಂಬಂಧಿ ಕ್ಲಾರಾಳನ್ನು ಮದುವೆಯಾದರು. ಎರಡೇ ವರ್ಷಕ್ಕೆ ಅವರೂ ಹೃದಯದ ಕಾಯಿಲೆಯಿಂದ ಹೋದರು. ಮನೆತುಂಬ ಮಕ್ಕಳು, ದುಡಿಯುವ ಗಂಡಸಿಲ್ಲ. ಮಲತಾಯಿ ಬೇರೆ ದಾರಿ ಕಾಣದೆ ವಾಲ್ಟರ್ ಮತ್ತು ಅವನ ಅಣ್ಣ ಎಡ್ವರ್ಡ್‌ನನ್ನು ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿದ್ದ ಮೆಥಡಿಸ್ಟ್ ಅನಾಥಾಲಯಕ್ಕೆ ಸೇರಿಸಬೇಕಾಯಿತು.

ಅಣ್ಣನನ್ನು ಗ್ಲಾಸ್ಗೋದ ವಾರ್ನಾಕ್ ಕುಟುಂಬ ದತ್ತು ತೆಗೆದುಕೊಂಡಿತು. ಆತ ಓದಿ ದಂತವೈದ್ಯರಾದರು. ಬ್ರಿಟನ್ನಿನಲ್ಲಿ ಆ ವೃತ್ತಿ ಮಾಡಿದ ಮೊದಲ ಕಪ್ಪು ಜನರ ಸಾಲಿನಲ್ಲಿ ಅವರ ಹೆಸರಿದೆ. ತಮ್ಮ ಅನಾಥಾಲಯದಲ್ಲೇ ಉಳಿದ. ಅಲ್ಲಿ ಮುದ್ರಣದ ಕೆಲಸ ಕಲಿತ, ಅಲ್ಲಿಯ ತಂಡದಲ್ಲಿ ಫುಟ್‌ಬಾಲ್ ಆಡಿದ. ಅಚ್ಚುಮನೆಯ ಕೆಲಸ ಹೊಟ್ಟೆಪಾಡಿಗೆ, ಚೆಂಡು ಸಂತೋಷಕ್ಕೆ. ಸ್ವಲ್ಪ ದಿನಕ್ಕೆ ಇವೆರಡೂ ಅದಲುಬದಲಾದವು.

1908ರಲ್ಲಿ ಟಲ್ ಪೂರ್ವ ಲಂಡನ್ನಿನ ಕ್ಲಾಪ್ಟನ್ ಎಂಬ ಹವ್ಯಾಸಿ ಕ್ಲಬ್ಬು ಸೇರಿದರು. ಆ ಒಂದೇ ಋತುವಿನಲ್ಲಿ ಕ್ಲಾಪ್ಟನ್ ತಂಡ ಇಂಗ್ಲೆಂಡಿನ ಹವ್ಯಾಸಿಗಳ ದೊಡ್ಡ ಕಪ್ ಸೇರಿ ಮೂರು ಪ್ರಶಸ್ತಿ ಗೆದ್ದಿತು. ‘ಫುಟ್‌ಬಾಲ್ ಸ್ಟಾರ್’ ಪತ್ರಿಕೆ ಈ ಋತುವಿನಲ್ಲಿ ಸಿಕ್ಕ ಅತ್ಯುತ್ತಮ ಆಟಗಾರ ಈತನೇ ಎಂದು ಬರೆಯಿತು. ಆಗಷ್ಟೇ ಮೊದಲ ದರ್ಜೆಗೆ ಬಡ್ತಿ ಪಡೆದಿದ್ದ ಟಾಟ್ನಮ್ ಹಾಟ್‌ಸ್ಪರ್ 1909ರ ಬೇಸಿಗೆಯಲ್ಲಿ ಅವರನ್ನು ಅರ್ಜೆಂಟೀನಾ, ಉರುಗ್ವೆ ಪ್ರವಾಸಕ್ಕೆ ಕರೆದೊಯ್ದು ತನ್ನ ಆಟಗಾರನನ್ನಾಗಿ ಮಾಡಿಕೊಂಡಿತು.

ವಾರಕ್ಕೆ ನಾಲ್ಕು ಪೌಂಡ್

ಇಲ್ಲಿ ‘ವೃತ್ತಿಪರ’ ಎಂದರೆ ಏನೆಂದು ತಿಳಿದುಕೊಳ್ಳಬೇಕು. ಇಂದಿನ ಕೋಟಿಗಳ ಹರಾಜು ಕಣ್ಣ ಮುಂದಿಟ್ಟುಕೊಂಡರೆ ದಾರಿ ತಪ್ಪುತ್ತೇವೆ. ಇಂಗ್ಲೆಂಡಿನ ಫುಟ್‌ಬಾಲ್ ಮೊದಲು ದೊಡ್ಡ ಮನೆತನದ ಶಾಲೆಗಳ ಹುಡುಗರ ಆಟ. ಹಣ ಪಡೆದು ಆಡುವುದು ಅವರ ಕಣ್ಣಿಗೆ ಕೀಳು. ಆದರೆ ಲ್ಯಾಂಕಷೈರ್ ಕಡೆಯ ಗಿರಣಿ ಕಾರ್ಮಿಕರಿಗೆ ಆಡಬೇಕೆಂದರೆ ಎಷ್ಟೋ ಸಲ ಕೂಲಿ ಬಿಡಬೇಕು. ಕೂಲಿ ಬಿಟ್ಟರೆ ಯಾರಾದರೂ ಅದನ್ನು ತುಂಬಿಕೊಡಬೇಕು. ಕದ್ದುಮುಚ್ಚಿ ಕೊಡುತ್ತಿದ್ದ ಈ ಹಣಕ್ಕೆ 1885ರಲ್ಲಿ ಫುಟ್‌ಬಾಲ್ ಸಂಸ್ಥೆ ಒಪ್ಪಿಗೆ ಕೊಟ್ಟಿತು. 1888ರಲ್ಲಿ, ಟಲ್ ಹುಟ್ಟಿದ ತಿಂಗಳಲ್ಲೇ, ಫುಟ್‌ಬಾಲ್ ಲೀಗ್ ಹುಟ್ಟಿತು.

ಒಪ್ಪಿಗೆಯ ಜೊತೆಗೆ ಮೂಗುದಾರವೂ ಬಂತು. 1901ರಿಂದ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಕ್ಲಬ್ಬಿಗೆ ಸೇರುವಾಗ ಸಿಗುವ ಮುಂಗಡಕ್ಕೆ ಹತ್ತು ಪೌಂಡಿನ ಮಿತಿ. ಒಂದು ಸಲ ರುಜು ಹಾಕಿದ ಮೇಲೆ ಕ್ಲಬ್ಬು ಬಿಟ್ಟುಕೊಡದ ಹೊರತು ಆಟಗಾರ ಬೇರೆಲ್ಲೂ ಹೋಗಲಾಗದು. ನಾಲ್ಕು ಪೌಂಡ್ ಆ ಕಾಲದ ಕುಶಲ ಕಾರ್ಮಿಕನ ವಾರದ ಗಳಿಕೆಗಿಂತ ಚೆನ್ನಾಗಿಯೇ ಇತ್ತು. ಅಚ್ಚುಮನೆಯ ಹುಡುಗನಿಗೆ ಅದು ದೊಡ್ಡ ಮೊತ್ತ. ಆದರೂ ಸಮಾಜದ ಕಣ್ಣಲ್ಲಿ ವೃತ್ತಿಪರ ಆಟಗಾರ ಕೂಲಿಯವನೇ ಹೊರತು ಮಹನೀಯನಲ್ಲ.

ಟಲ್‌ಗಿಂತ ಮೊದಲು ಆರ್ಥರ್ ವಾರ್ಟನ್ ಈ ಹಾದಿ ತುಳಿದಿದ್ದರು. ಇಂದಿನ ಘಾನಾದಲ್ಲಿ ಹುಟ್ಟಿದ ವಾರ್ಟನ್ 1880ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಸಂಬಳಕ್ಕೆ ಆಡಿದ ಗೋಲ್‌ಕೀಪರ್. ಟಲ್ ಮೊದಲಿಗರಲ್ಲ. ಆದರೆ ದೇಶದ ಅತಿ ದೊಡ್ಡ ಮೈದಾನಗಳಲ್ಲಿ, ಮುಂಚೂಣಿಯ ಜಾಗದಲ್ಲಿ, ಸಾವಿರಾರು ಜನರ ಕಣ್ಣೆದುರು ನಿಂತವರು.

ಕಣ್ಣೆದುರು ನಿಲ್ಲುವುದರ ಬೆಲೆ 1909ರ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಗೊತ್ತಾಯಿತು. ಪ್ರೇಕ್ಷಕರ ಒಂದು ಗುಂಪು ಆಟದುದ್ದಕ್ಕೂ ಅವರ ಬಣ್ಣ ಹಿಡಿದು ಹೀನಾಯವಾಗಿ ಬೈಯಿತು. ಲಂಡನ್ನಿನ ಮೀನು ಮಾರುಕಟ್ಟೆಯ ಬೈಗುಳಕ್ಕಿಂತ ಕೆಳಮಟ್ಟದ ಮಾತುಗಳವು ಎಂದು ಅಲ್ಲಿದ್ದ ವರದಿಗಾರರೊಬ್ಬರು ಬರೆದರು. ನಡತೆಯಲ್ಲಿ ಟಲ್ ಬಿಳಿಯ ಆಟಗಾರರಿಗೆಲ್ಲ ಮಾದರಿಯಂತಿದ್ದರು ಎಂದೂ ಸೇರಿಸಿದರು. ಮೆಚ್ಚಿದ್ದು ವರದಿಗಾರ. ಕ್ಲಬ್ಬು ಕೆಲವೇ ವಾರಗಳಲ್ಲಿ ಅವರನ್ನು ಮೀಸಲು ತಂಡಕ್ಕೆ ಕಳಿಸಿತು. ಟಾಟ್ನಮ್ ಪರ ಅವರು ಆಡಿದ ಲೀಗ್ ಪಂದ್ಯಗಳು ಒಟ್ಟು ಹತ್ತು, ಗೋಲು ಎರಡು.

1911ರ ಬೇಸಿಗೆ

ಅವಮಾನದ ಈ ಲೆಕ್ಕ ಇಂಗ್ಲೆಂಡಿಗೆ ಮಾತ್ರ ಸೇರಿದ್ದಲ್ಲ. ಟಲ್ ಟಾಟ್ನಮ್‌ನ ಮೀಸಲು ತಂಡದಲ್ಲಿ ದಿನ ಕಳೆಯುತ್ತಿದ್ದ 1911ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಮೈದಾನಗಳಲ್ಲಿ ಧಾರವಾಡದಲ್ಲಿ ಹುಟ್ಟಿದ ಒಬ್ಬ ಬೌಲರ್ ವಿಕೆಟ್ ಮೇಲೆ ವಿಕೆಟ್ ಕೀಳುತ್ತಿದ್ದರು. ಅವರು ಪಾಲ್ವಣಕರ್ ಬಾಳೂ. ಅಖಿಲ ಭಾರತ ತಂಡದ ಆ ಪ್ರವಾಸದಲ್ಲಿ ಅವರಿಗೆ ನೂರಕ್ಕೂ ಹೆಚ್ಚು ವಿಕೆಟ್ ಬಿದ್ದವು.

ಬಾಳೂ ಚಮ್ಮಾರ ಸಮುದಾಯದವರು, ತಂದೆ ಸೇನೆಯ ನೌಕರಿಯಲ್ಲಿದ್ದವರು. ಪುಣೆಯ ಒಂದು ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಮೈದಾನ ಉರುಳಿಸಿ, ನೆಟ್ ಕಟ್ಟಿ, ಇಂಗ್ಲಿಷ್ ಅಧಿಕಾರಿಗಳಿಗೆ ಬೌಲ್ ಮಾಡುತ್ತ ಕೈ ಪಳಗಿಸಿಕೊಂಡರು. ಅವರಿದ್ದರೆ ಗೆಲುವು ಖಚಿತ ಎಂದು ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು; ಚಹಾದ ಹೊತ್ತಿಗೆ ಮಾತ್ರ ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಕೊಟ್ಟಿತು. ನಾಯಕನ ಪಟ್ಟ ಅವರಿಗೆ ಕೊನೆಗೂ ಸಿಗಲಿಲ್ಲ. ತಮ್ಮ ವಿಠ್ಠಲ್‌ಗೆ ಸಿಕ್ಕಿದ್ದು 1920ರ ದಶಕದಲ್ಲಿ.

ಹೊಲದ ಕೆಲಸಕ್ಕೆ ಕರೆದು ಹೊಸಿಲ ಆಚೆಯೇ ಊಟ ಬಡಿಸುವ ಪದ್ಧತಿಯನ್ನು ಕಂಡ ನಮ್ಮ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈ ಬೇಕು, ಆ ಕೈಯ ಒಡೆಯ ಬೇಡ. ಟಲ್ ಮತ್ತು ಬಾಳೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಇಬ್ಬರ ಎದುರೂ ನಿಂತಿದ್ದ ಬಾಗಿಲು ಒಂದೇ ಮರದ್ದು.

ಅದೇ 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ಭಾರತದಲ್ಲಿ ಫುಟ್‌ಬಾಲ್ ಬೆಳೆದಿದ್ದೇ ಸೇನೆಯ ದಂಡುಗಳ ಸುತ್ತ. ಬೆಂಗಳೂರಿನ ದಂಡು ಪ್ರದೇಶವೂ ಹಾಗೇ. ಅಲ್ಲಿ ಕಲಿತ ಆಟದಿಂದಲೇ ಬ್ಯಾಂಗಳೂರ್ ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಎತ್ತಿತು, ಎರಡನೆಯ ಸಲ ಬ್ರಿಟಿಷ್ ಸೇನೆಯ ತಂಡವನ್ನೇ ಸೋಲಿಸಿ. ನಮ್ಮ ಆಟಗಾರರಿಗೆ ಟಲ್‌ಗಿದ್ದಂಥ ವಾರದ ಸಂಬಳದ ಕರಾರು ಇರಲಿಲ್ಲ. ಕಾರ್ಖಾನೆ, ಕಚೇರಿ, ಪಲ್ಟನ್ ಕೊಡುವ ನೌಕರಿಯೇ ಆಟದ ಕೂಲಿ. ಇಂದಿನ ಕ್ರೀಡಾ ಕೋಟಾದ ಬೇರು ಅಲ್ಲೇ ಇದೆ.

ಫುಟ್‌ಬಾಲಿಗರ ಪಲ್ಟನ್

1911ರ ಅಕ್ಟೋಬರ್‌ನಲ್ಲಿ ಟಲ್ ನಾರ್ತಾಂಪ್ಟನ್ ಟೌನ್ ಕ್ಲಬ್ಬಿಗೆ ಹೋದರು. ಅವರನ್ನು ಕರೆಸಿಕೊಂಡ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್. ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಎತ್ತರಕ್ಕೇರಿಸಿದವರು. ಅವರು ಟಲ್‌ರನ್ನು ಮುಂಚೂಣಿಯಿಂದ ಹಿಂದಕ್ಕೆ ತಂದು ಹಾಫ್ ಬ್ಯಾಕ್ ಜಾಗದಲ್ಲಿ ನಿಲ್ಲಿಸಿದರು. ದಾಳಿ ಕಟ್ಟುವ, ಎದುರಾಳಿಯ ದಾಳಿ ಮುರಿಯುವ ದುಡಿಮೆಯ ಜಾಗ ಅದು. ನಾರ್ತಾಂಪ್ಟನ್ ಪರ ಟಲ್ ಆಡಿದ್ದು 111 ಪಂದ್ಯ.

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು, ಫುಟ್‌ಬಾಲ್ ನಿಲ್ಲಲಿಲ್ಲ. ಆಗಿನ ಕೋಪ ನೋಡಬೇಕು. ಕ್ರಿಕೆಟ್, ರಗ್ಬಿಯ ಮಹನೀಯರು ಆಟ ನಿಲ್ಲಿಸಿ ಸೇನೆ ಸೇರುತ್ತಿದ್ದಾರೆ, ಈ ಕೂಲಿ ಆಟಗಾರರು ಮಾತ್ರ ಚೆಂಡು ಒದೆಯುತ್ತಿದ್ದಾರೆ ಎಂದು ಪತ್ರಿಕೆಗಳು ಹರಿಹಾಯ್ದವು. ಹವ್ಯಾಸಿಗೆ ಆಟ ಬಿಡುವುದು ಸುಲಭ, ವೃತ್ತಿಪರನಿಗೆ ಅದು ಅನ್ನ ಬಿಟ್ಟಂತೆ. ಮೇಲಾಗಿ ಕ್ಲಬ್ಬಿನ ಕರಾರು ಬೇರೆ ಕಟ್ಟಿಹಾಕಿತ್ತು. ಈ ವ್ಯತ್ಯಾಸವನ್ನು ಬೈಯುವವರು ಗಮನಿಸಲಿಲ್ಲ.

ಎಡಿನ್‌ಬರೋದ ಹಾರ್ಟ್ಸ್ ತಂಡದ ಆಟಗಾರರು ನವೆಂಬರ್‌ನಲ್ಲೇ ಒಟ್ಟಾಗಿ ಸೇನೆ ಸೇರಿದ್ದರು. ಡಿಸೆಂಬರ್ 15ರಂದು ಲಂಡನ್ನಿನ ಫುಲಮ್ ಪುರಭವನದಲ್ಲಿ ಸಭೆ ಸೇರಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ಕಟ್ಟಲಾಯಿತು. ಜನ ಅದನ್ನು ಫುಟ್‌ಬಾಲಿಗರ ಪಲ್ಟನ್ ಎಂದೇ ಕರೆದರು. ಸೇರಿದವರಿಗೆ ಶನಿವಾರ ರಜೆ ಕೊಟ್ಟು ತಮ್ಮ ಕ್ಲಬ್ಬಿಗೆ ಆಡಲು ಬಿಡುವ ಏರ್ಪಾಡೂ ಆಯಿತು. ನಾರ್ತಾಂಪ್ಟನ್ ತಂಡದಿಂದ ಮೊದಲು ಹೆಸರು ಬರೆಸಿದವರು ಟಲ್. ಅದೇ ತಿಂಗಳು, ಸಾಮಾನ್ಯ ಸಿಪಾಯಿಯಾಗಿ.

1915ರ ನವೆಂಬರ್‌ನಲ್ಲಿ ಪಲ್ಟನ್ ಫ್ರಾನ್ಸ್ ಮುಟ್ಟಿತು. ಕೆಸರು, ಇಲಿ, ಹಗಲಿರುಳು ಶೆಲ್ಲುಗಳ ಸಿಡಿತ. 1916ರ ಬೇಸಿಗೆಯ ಹೊತ್ತಿಗೆ ಟಲ್‌ರ ಮನಸ್ಸು ತತ್ತರಿಸಿ, ಚಿಕಿತ್ಸೆಗೆ ಇಂಗ್ಲೆಂಡಿಗೆ ಕಳಿಸಬೇಕಾಯಿತು. ಶೆಲ್ ಆಘಾತ ಎನ್ನುತ್ತಿದ್ದ ಈ ಸ್ಥಿತಿಯನ್ನು ಅಂದು ಹಲವರು ಹೇಡಿತನವೆಂದೇ ಎಣಿಸುತ್ತಿದ್ದರು. ಗುಣವಾದ ಟಲ್ ಕೆಲವೇ ತಿಂಗಳಲ್ಲಿ ಮತ್ತೆ ಕಂದಕಕ್ಕೆ ಮರಳಿ ಸೊಮ್ ಕದನದ ಕೊನೆಯ ಹಂತದಲ್ಲಿ ಹೋರಾಡಿದರು.

ಕೈಪಿಡಿಯ ಒಂದು ಸಾಲು

ಆ ಹೊತ್ತಿಗೆ ಅವರು ಸಾರ್ಜೆಂಟ್ ದರ್ಜೆಗೆ ಏರಿದ್ದರು. ಮೇಲಧಿಕಾರಿಗಳು ಅವರನ್ನು ಅಧಿಕಾರಿ ತರಬೇತಿಗೆ ಶಿಫಾರಸು ಮಾಡಿದರು. ಇಲ್ಲೇ ನಿಯಮ ಅಡ್ಡ ನಿಲ್ಲಬೇಕಿತ್ತು. 1914ರ ಸೇನಾ ಕಾನೂನಿನ ಕೈಪಿಡಿಯ ಪ್ರಕಾರ ಕಪ್ಪು ಮನುಷ್ಯ ಅಧಿಕಾರಿಯಾಗಿ ಸೈನಿಕರ ಮೇಲೆ ಅಧಿಕಾರ ನಡೆಸುವಂತಿರಲಿಲ್ಲ. ಕಮಿಷನ್, ಅಂದರೆ ಅಧಿಕಾರಿಯ ಹುದ್ದೆ, ಬಯಸುವವನು ಶುದ್ಧ ಯುರೋಪಿಯನ್ ವಂಶದವನಾಗಿರಬೇಕು ಎಂಬುದು ಅಂದಿನ ಷರತ್ತು.

ಹಾಗಾದರೆ ದಾರಿ ಬಿಟ್ಟದ್ದು ಯಾವುದು? ಸಾವು. 1916ರ ಜುಲೈ 1ರಂದು, ಸೊಮ್ ಕದನದ ಮೊದಲ ದಿನವೇ, ಬ್ರಿಟಿಷ್ ಸೇನೆಯ 57,000ಕ್ಕೂ ಹೆಚ್ಚು ಜನ ಗಾಯಗೊಂಡರು ಇಲ್ಲವೇ ಮಡಿದರು; ಸತ್ತವರೇ 19,000 ದಾಟಿದರು. ತುಕಡಿಯ ಮುಂದೆ ನಿಂತು ಕಂದಕದಿಂದ ಮೊದಲು ಮೇಲೇರುವ ಕಿರಿಯ ಅಧಿಕಾರಿಗಳು ಸಾಲುಸಾಲಾಗಿ ಉರುಳಿದರು. ಅಂದೇ ಬಿದ್ದವರಲ್ಲಿ ಎವೆಲಿನ್ ಲಿಂಟಾಟ್ ಒಬ್ಬರು. ಶಾಲಾ ಮೇಷ್ಟರು, ಇಂಗ್ಲೆಂಡ್ ತಂಡದ ಆಟಗಾರ, ಆಟಗಾರರ ಸಂಘದ ಮುಂದಾಳು, ಅಧಿಕಾರಿಯ ಕಮಿಷನ್ ಪಡೆದ ವೃತ್ತಿಪರ ಫುಟ್‌ಬಾಲಿಗ. ದೊಡ್ಡ ಶಾಲೆಗಳ ಮಹನೀಯರಿಂದಷ್ಟೇ ಅಧಿಕಾರಿಗಳ ಜಾಗ ತುಂಬಲಾಗದ ಸ್ಥಿತಿ ಬಂತು. ಸಿಪಾಯಿಗಳಾಗಿ ಸೇರಿದವರನ್ನೇ ಆರಿಸಿ ಅಧಿಕಾರಿಗಳನ್ನಾಗಿ ಮಾಡುವ ತರಬೇತಿ ಶಿಬಿರಗಳು 1916ರ ಆರಂಭದಲ್ಲೇ ತೆರೆದಿದ್ದವು; ಈಗ ಅವುಗಳ ಅಗತ್ಯ ಇನ್ನೂ ಹೆಚ್ಚಿತು. ವರ್ಗದ ಗೋಡೆ ಹೀಗೆ ಬಿರುಕು ಬಿಟ್ಟಾಗ ಬಣ್ಣದ ಗೋಡೆಯಲ್ಲೂ ಒಂದು ಸಂದು ಕಂಡಿತು.

1917ರ ಮೇ ಕೊನೆಯಲ್ಲಿ ವಾಲ್ಟರ್ ಟಲ್ ಸೆಕೆಂಡ್ ಲೆಫ್ಟಿನೆಂಟ್ ಆದರು. ಬ್ರಿಟಿಷ್ ಸೇನೆಯ ಮೊದಲ ಕಪ್ಪು ಅಧಿಕಾರಿ ಇವರೇ ಎಂದು ಹಲವೆಡೆ ಬರೆದಿರುವುದುಂಟು. ಅದು ಸರಿಯಲ್ಲ. ಜಮೈಕಾ ಮೂಲದ ಜಾರ್ಜ್ ಬೆಮಂಡ್ 1915ರಲ್ಲೇ ಫಿರಂಗಿ ದಳದಲ್ಲಿ ಕಮಿಷನ್ ಪಡೆದಿದ್ದರು. ಅರ್ಜಿಯಲ್ಲಿ ಶುದ್ಧ ಯುರೋಪಿಯನ್ ವಂಶವೇ ಎಂಬ ಪ್ರಶ್ನೆಗೆ ಹೌದು ಎಂದು ಬರೆದು. ಟಲ್‌ಗೆ ಆ ಮರೆ ಇರಲಿಲ್ಲ. ಅವರ ಮುಖವನ್ನು ಇಂಗ್ಲೆಂಡಿನ ಮೈದಾನಗಳೆಲ್ಲ ನೋಡಿದ್ದವು. ಗೊತ್ತಿದ್ದೂ ಕೊಟ್ಟರು ಎಂಬುದೇ ಅವರ ಕಮಿಷನ್ನಿನ ವಿಶೇಷ.

ಸುಬೇದಾರರ ಸಾಲು

ಇದೇ ಬಣ್ಣದ ತಡೆಯನ್ನು ಆ ಕಾಲದ ಭಾರತೀಯ ಸೈನಿಕರೂ ಎದುರಿಸುತ್ತಿದ್ದರು. ಲಕ್ಷಗಟ್ಟಲೆ ಜನ ಫ್ರಾನ್ಸ್, ಮೆಸೊಪೊಟೇಮಿಯ, ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿದರು. ಭಾರತೀಯನು ಜಮಾದಾರ, ಸುಬೇದಾರ, ರಿಸಾಲ್ದಾರ ಆಗಬಹುದಿತ್ತು. ಅವು ವೈಸರಾಯ್ ಕೊಡುವ ಹುದ್ದೆಗಳು. ತಲೆ ನರೆತ ಸುಬೇದಾರ ಕೂಡ ಆಗತಾನೇ ಬಂದ ಬಿಳಿಯ ಹುಡುಗ ಅಧಿಕಾರಿಗೆ ಸೆಲ್ಯೂಟ್ ಹೊಡೆಯಬೇಕು. ದೊರೆಯ ಕಮಿಷನ್ನಿಗೆ ಭಾರತೀಯರು ಅರ್ಹರು ಎಂಬ ಘೋಷಣೆ ಬಂದಿದ್ದು 1917ರ ಆಗಸ್ಟ್‌ನಲ್ಲಿ. ಟಲ್ ಅಧಿಕಾರಿಯಾದ ಮೂರು ತಿಂಗಳಿಗೆ. ಕಾರಣವೂ ಅದೇ. ಯುದ್ಧ ಮುಗಿಯುವ ಲಕ್ಷಣವಿರಲಿಲ್ಲ, ಜನ ಬೇಕಿತ್ತು.

ಆ ಘೋಷಣೆಯ ಫಲವಾಗಿ ಇಂದೋರಿನಲ್ಲಿ ತೆರೆದ ಕೆಡೆಟ್ ಶಾಲೆಗೆ ಸೇರಿದವರಲ್ಲಿ ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪ ಒಬ್ಬರು. 1919ರ ಡಿಸೆಂಬರ್‌ನಲ್ಲಿ ಅವರು ಪಡೆದ ದರ್ಜೆಯೂ ಟಲ್ ಪಡೆದದ್ದೇ, ಸೆಕೆಂಡ್ ಲೆಫ್ಟಿನೆಂಟ್. ಇಪ್ಪತ್ತೊಂಬತ್ತು ವರ್ಷದ ಮೇಲೆ, 1949ರ ಜನವರಿ 15ರಂದು, ಅವರು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಕೊಂಡಿ ಮೈಸೂರು ಲ್ಯಾನ್ಸರ್ಸ್. ಚಾಮರಾಜನಗರ ಅಂದು ಮೈಸೂರು ಸಂಸ್ಥಾನದ ಭಾಗ. ಆ ಸಂಸ್ಥಾನದ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ, ಮೆಷಿನ್ ಗನ್ನುಗಳ ಎದುರು ಭರ್ಜಿ ಹಿಡಿದು ನುಗ್ಗಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟರು. ಇಂಥ ಸವಾರರ ನೆನಪಿಗೆ ನಿಂತ ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆ ವೇಳೆಗೆ ಟಲ್ ಸತ್ತು ಆರು ತಿಂಗಳಾಗಿತ್ತು.

ಪಿಯಾವೆ ನದಿ, ಫಾವ್ರೆಯ ಬಯಲು

ಅಧಿಕಾರಿಯಾದ ಮೇಲೆ ಟಲ್ ಸೇರಿದ್ದು ಮಿಡ್ಲ್‌ಸೆಕ್ಸ್‌ನ 23ನೇ ಬೆಟಾಲಿಯನ್, ಅಂದರೆ ಫುಟ್‌ಬಾಲಿಗರ ಎರಡನೆಯ ಪಲ್ಟನ್. ಬೆಲ್ಜಿಯಂನ ಕೆಸರಿನಲ್ಲಿ ಹೋರಾಡಿ, 1917ರ ಕೊನೆಗೆ ಅದು ಇಟಲಿಗೆ ಹೋಯಿತು. ಅಲ್ಲಿ ಚಳಿಗಾಲದ ಕೊರೆಯುವ ಪಿಯಾವೆ ನದಿ ದಾಟಿ ಟಲ್ ತಮ್ಮ ತುಕಡಿಯನ್ನು ರಾತ್ರಿ ದಾಳಿಗೆ ಒಯ್ದು, ಎಲ್ಲರನ್ನೂ ಜೀವಸಹಿತ ವಾಪಸ್ ಕರೆತಂದರು. ಗುಂಡಿನ ನಡುವೆಯೂ ಕದಲದೆ ನಡೆದುಕೊಂಡದ್ದಕ್ಕೆ ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಲಿಖಿತವಾಗಿ ಮೆಚ್ಚಿಕೊಂಡರು.

1918ರ ಮಾರ್ಚ್‌ನಲ್ಲಿ ಪಲ್ಟನ್ ಮತ್ತೆ ಫ್ರಾನ್ಸಿಗೆ ಬಂತು. ಮಾರ್ಚ್ 21ರಂದು ಜರ್ಮನ್ನರ ಕಡೆಯ ಮಹಾದಾಳಿ ಆರಂಭವಾಗಿ ಬ್ರಿಟಿಷ್ ಸಾಲುಗಳು ಹಿಂದೆ ಸರಿಯತೊಡಗಿದವು. ಮಾರ್ಚ್ 25ರಂದು ಫಾವ್ರೆ ಹಳ್ಳಿಯ ಬಳಿ ಟಲ್‌ಗೆ ಗುಂಡು ತಗಲಿತು. ಲೆಸ್ಟರ್ ಫಾಸ್ ಕ್ಲಬ್ಬಿನ ಹಳೆಯ ಗೋಲ್‌ಕೀಪರ್, ಸಿಪಾಯಿ ಟಾಮ್ ಬಿಲ್ಲಿಂಗಮ್, ಅವರ ದೇಹವನ್ನು ಎಳೆದು ತರಲು ನೋಡಿದರು. ಜರ್ಮನ್ನರು ಮುಂದೊತ್ತಿ ಬರುತ್ತಿದ್ದುದರಿಂದ ಬಿಟ್ಟು ಬರಬೇಕಾಯಿತು. ಆಗ ಟಲ್‌ಗೆ 29 ವರ್ಷ. ಸಮಾಧಿ ಇಲ್ಲ. ಅರಾಸ್ ಸ್ಮಾರಕದ ಗೋಡೆಯಲ್ಲಿ ಹೆಸರಿದೆ.

ಅವರಿಗೆ ಮಿಲಿಟರಿ ಕ್ರಾಸ್ ಪದಕಕ್ಕೆ ಶಿಫಾರಸಾಗಿತ್ತೆಂದು ಅಣ್ಣ ಎಡ್ವರ್ಡ್‌ಗೆ ಬಂದ ಪತ್ರ ಹೇಳಿತು. ಪದಕ ಬರಲಿಲ್ಲ. ಅದಕ್ಕಾಗಿ ಮುಂದೆ ಚಳವಳಿಯೇ ನಡೆಯಿತು.

ಯುದ್ಧ ಮುಗಿದ ಮೇಲೆ

1919ರಲ್ಲಿ ಲಿವರ್‌ಪೂಲ್, ಕಾರ್ಡಿಫ್ ಮೊದಲಾದ ಬಂದರು ಊರುಗಳಲ್ಲಿ ಕಪ್ಪು ನಾವಿಕರ ಮೇಲೆ ಗುಂಪು ದಾಳಿಗಳಾದವು. ಸೇವೆ ಸಲ್ಲಿಸಿದವರೂ ಬೀದಿಯಲ್ಲಿ ಪೆಟ್ಟು ತಿಂದರು. ಅದೇ ವರ್ಷ, ಲಕ್ಷಾಂತರ ಸೈನಿಕರನ್ನು ಕೊಟ್ಟ ಭಾರತಕ್ಕೆ ಸಿಕ್ಕಿದ್ದು ರೌಲತ್ ಕಾಯ್ದೆ ಮತ್ತು ಜಲಿಯನ್‌ವಾಲಾ ಬಾಗ್. ಬ್ರಿಟಿಷ್ ಸೇನೆಯ ಬಣ್ಣದ ತಡೆ ಮತ್ತೆ ಗಟ್ಟಿಯಾಯಿತು. ಅದನ್ನು ಸಡಿಲಿಸಿದ್ದು 1939ರ ಅಕ್ಟೋಬರ್‌ನಲ್ಲಿ, ಎರಡನೆಯ ಮಹಾಯುದ್ಧ ಶುರುವಾಗಿ ಮತ್ತೆ ಜನ ಬೇಕಾದಾಗ. ಫುಟ್‌ಬಾಲ್ ಮೈದಾನದ ಗಡಿಯಾರ ಇನ್ನೂ ನಿಧಾನ. ಇಂಗ್ಲೆಂಡಿನ ಹಿರಿಯರ ತಂಡದಲ್ಲಿ ವಿವ್ ಆಂಡರ್ಸನ್ ಎಂಬ ಕಪ್ಪು ಆಟಗಾರ ಪೂರ್ಣ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 1978ರ ನವೆಂಬರ್‌ನಲ್ಲಿ, ಟಲ್ ಸತ್ತು ಅರವತ್ತು ವರ್ಷ ಕಳೆದ ಮೇಲೆ.

ಟಲ್ ಹೆಸರು ಮರಳಿ ಬಂದಿದ್ದೂ ತಡವಾಗಿಯೇ. 1999ರಲ್ಲಿ ನಾರ್ತಾಂಪ್ಟನ್ ಕ್ಲಬ್ಬಿನ ಕ್ರೀಡಾಂಗಣದ ಬಳಿ ಸ್ಮಾರಕ ಉದ್ಯಾನ ಆಯಿತು. 2018ರಲ್ಲಿ, ಸಾವಿನ ಶತಮಾನಕ್ಕೆ, ಅಂಚೆ ಚೀಟಿ ಬಂತು. ಈಗ ಇಂಗ್ಲೆಂಡಿನ ಶಾಲಾ ಮಕ್ಕಳು ಅವರ ಕಥೆ ಓದುತ್ತಾರೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವುಗಳ ಜೊತೆ ಒಂದು ಸುಳ್ಳೂ ನುಸುಳುತ್ತದೆ: ಯುದ್ಧವೆಂದರೆ ಭೇದಭಾವ ಸುಟ್ಟುಹಾಕುವ ಬೆಂಕಿ, ಸೇನೆಯೆಂದರೆ ಸಮಾನತೆಯ ಪಾಠಶಾಲೆ ಎಂಬ ಮಾತು. ಟಲ್‌ರ ಬದುಕು ಹೇಳುವುದು ಬೇರೆ. ಅವರ ಯೋಗ್ಯತೆ 1909ರಲ್ಲೂ ಅಷ್ಟೇ ಇತ್ತು, 1917ರಲ್ಲೂ ಅಷ್ಟೇ ಇತ್ತು. ನಡುವೆ ಬದಲಾದದ್ದು ಸತ್ತವರ ಸಂಖ್ಯೆ.

ನಮ್ಮ ಹುಡುಗರು ಇಂದು ಆಟದ ಪ್ರಮಾಣಪತ್ರ ಹಿಡಿದು ಸಮವಸ್ತ್ರದ ಸಾಲಿನಲ್ಲಿ ನಿಲ್ಲುವಾಗ ಟಲ್‌ರನ್ನು ಬರೀ ಸ್ಫೂರ್ತಿಯ ಹೆಸರಾಗಿ ಕೊಟ್ಟರೆ ಸಾಲದು. ಅವರ ಕಥೆ ಒಂದು ಅಳತೆಗೋಲೂ ಹೌದು. ಒಬ್ಬನ ಕಾಲು, ಕೈ, ಎದೆಗಾರಿಕೆಯನ್ನು ಒಂದು ಸಂಸ್ಥೆ ಬೇಕಾದ ದಿನ ಹೇಗೆ ಕರೆಯಿತು ಎಂಬುದರಿಂದ ಅದರ ಗುಣ ತಿಳಿಯುವುದಿಲ್ಲ. ಬೇಡವಾದ ದಿನ ಅದೇ ಮನುಷ್ಯನಿಗೆ ಯಾವ ಜಾಗ ಕೊಟ್ಟಿತು, ನಿಯಮದ ಪುಸ್ತಕದಲ್ಲಿ ಆ ಸಾಲು ಉಳಿದಿದೆಯೋ ಅಳಿದಿದೆಯೋ ಎಂದು ಪುಟ ತೆರೆದು ನೋಡಬೇಕು.